ನಾನು ಅಳಿಸಿದ ನೆರಳು

ನಮ್ಮ ಊರಿನವರಿಗೆ ಪಟದಲ್ಲಿ ನೆರಳು ಕಂಡರೆ ಆಗುತ್ತಿರಲಿಲ್ಲ. ನಿಜಾಮರ ಕಾಲದ ಕಲಬುರ್ಗಿಯ ಮಾತು ಇದು. ಕಿಲ್ಲೆಯ ಕಡೆಯಿಂದ ಬಜಾರಿಗೆ ಬರುವ ಓಣಿಯಲ್ಲಿ ನಮ್ಮ ಯಜಮಾನರು ಪಟ ತೆಗೆಯುವ ಅಂಗಡಿ ಇಟ್ಟಿದ್ದರು. ಮಾಳಿಗೆಯ ಮೇಲೊಂದು ಕೋಣೆ, ಉತ್ತರಕ್ಕೆ ದೊಡ್ಡ ಕಿಟಕಿ, ಎರಡು ಕುರ್ಚಿ, ಗೋಡೆಗೊಂದು ಬಣ್ಣದ ಪರದೆ. ಶೇರ್ವಾನಿ ತೊಟ್ಟ ಕಚೇರಿ ಗುಮಾಸ್ತರು, ಜರಿ ರುಮಾಲಿನ ವ್ಯಾಪಾರಿಗಳು, ರೂಮಿ ಟೋಪಿಯ ವಕೀಲರು ಎಲ್ಲರೂ ಬರುತ್ತಿದ್ದರು. ಎಲ್ಲರದೂ ಒಂದೇ ಹಟ. ಎರಡೂ ಕಣ್ಣು, ಎರಡೂ ಕಿವಿ, ಪೂರಾ ಮುಖ ಬೆಳ್ಳಗೆ ಬರಬೇಕು. ಮೂಗಿನ ಬದಿಗೆ ಒಂದಿಷ್ಟು ಕಪ್ಪು ಬಿದ್ದಿದ್ದರೂ ಸಾಕು, ಪಟ ಹಿಡಿದುಕೊಂಡು ವಾಪಸ್ ಬರುತ್ತಿದ್ದರು. ಮುಖಕ್ಕೆ ಮಸಿ ಬಳಿಸಿಕೊಳ್ಳುವಂಥದ್ದು ತಾನೇನು ಮಾಡಿದ್ದೇನೆ ಎಂದು ಒಬ್ಬ ಪಟವಾರಿ ಮೆಟ್ಟಿಲ ಮೇಲೆ ನಿಂತು ಓಣಿಗೆಲ್ಲ ಕೇಳುವಂತೆ ಜಗಳ ಮಾಡಿದ್ದ.

ಆ ಮಸಿ ಒರೆಸುವ ಕೆಲಸ ನನ್ನದು.

ಆಗ ಪಟ ಮೊದಲು ಗಾಜಿನ ಮೇಲೆ ಮೂಡುತ್ತಿತ್ತು, ಅದೂ ತಿರುವುಮುರುವಾಗಿ. ಬಿಳಿ ರುಮಾಲು ಕರ್ರಗೆ ಕಾಣುತ್ತಿತ್ತು, ಕಪ್ಪು ಮೀಸೆಯ ಜಾಗ ಬರೀ ಗಾಜಿನಷ್ಟು ತಿಳಿಯಾಗಿರುತ್ತಿತ್ತು. ಆ ಗಾಜನ್ನು ಕಾಗದದ ಮೇಲಿಟ್ಟು ಬಿಸಿಲಿಗೆ ಹಿಡಿದರೆ ಸರಿಯಾದ ಪಟ ಇಳಿಯುತ್ತಿತ್ತು. ಹಾಗಾಗಿ ನೆರಳು ಬಿದ್ದ ಜಾಗ ಗಾಜಿನಲ್ಲಿ ಖಾಲಿ. ಅಲ್ಲಿ ರಾಳದ ಎಣ್ಣೆಯನ್ನು ತೆಳ್ಳಗೆ ಸವರಿ, ಒಣಗಿದ ಮೇಲೆ ಚೂಪು ಪೆನ್ಸಿಲಿನಿಂದ ಸಣ್ಣ ಸಣ್ಣ ಗೀಟು ಹಾಕುತ್ತ ತುಂಬಿದರೆ ಕಾಗದದ ಮೇಲೆ ಆ ಜಾಗ ಬೆಳಕಾಗುತ್ತಿತ್ತು. ಸಿಡುಬಿನ ಕಲೆ, ಕಣ್ಣ ಕೆಳಗಿನ ಗುಳಿ, ಹಣೆಯ ಗೆರೆ ಎಲ್ಲ ನನ್ನ ಪೆನ್ಸಿಲಿನ ಕೆಳಗೆ ಮಾಯವಾಗುತ್ತಿದ್ದವು. ನಮ್ಮ ಮನೆಯವರು ಈ ಕೆಲಸವನ್ನು ಸೊಲ್ಲಾಪುರದಲ್ಲಿ ಕಲಿತು ಬಂದಿದ್ದರು, ಆದರೆ ಅವರ ಕೈ ನಡುಗುತ್ತಿತ್ತು. ಶರಣಸಿರಸಗಿಯ ತವರಿನಲ್ಲಿ ನಾನು ಕೌದಿ ಹೊಲಿದು ಬೆಳೆದವಳು, ಸಣ್ಣ ಕೆಲಸಕ್ಕೆ ಕೈ ಕೂತಿತ್ತು. ಮದುವೆಯಾದ ಎರಡನೆಯ ವರ್ಷಕ್ಕೆ ಅವರ ಪೆನ್ಸಿಲ್ ನನ್ನದಾಯಿತು. ನನಗೆ ಅದರ ಸೊಕ್ಕೂ ಇತ್ತು, ಸುಳ್ಳು ಯಾಕೆ ಹೇಳಲಿ. ಬಜಾರಿನಲ್ಲಿ ಯಾವ ದೊಡ್ಡ ಮನುಷ್ಯರು ಎದುರಾದರೂ, ಇವರ ಕೆನ್ನೆಯ ಕುಣಿ ಮುಚ್ಚಿದವಳು ನಾನೇ ಅಂತ ಒಳಗೊಳಗೇ ನಗುತ್ತಿದ್ದೆ.

ನಮ್ಮ ಮನೆಯವರಿಗೋ ನೆರಳೆಂದರೆ ಪ್ರೀತಿ. ಮಾವನವರು ತೀರಿಕೊಂಡ ಮೂರನೆಯ ತಿಂಗಳು ಅತ್ತೆಯ ಒಂದು ಪಟ ತೆಗೆದಿದ್ದರು. ಅತ್ತೆ ಪಡಸಾಲೆಯ ಬಾಗಿಲಲ್ಲಿ ಕೂತಿದ್ದಾರೆ, ಹೊರಗಿನ ಬೆಳಕು ಒಂದು ಕೆನ್ನೆಗೆ ಮಾತ್ರ ಬಿದ್ದಿದೆ, ಇನ್ನೊಂದು ಬದಿ ಪೂರಾ ಕತ್ತಲು. ಅತ್ತೆ ಅಳುತ್ತಿದ್ದರೋ, ಮುನಿಸಿಕೊಂಡಿದ್ದರೋ, ಇಲ್ಲ ಒಲೆಯ ಮೇಲಿನ ಹಾಲಿನ ಚಿಂತೆಯಲ್ಲಿದ್ದರೋ ಹೇಳುವ ಹಾಗಿರಲಿಲ್ಲ. ಇದನ್ನು ಗೋಡೆಗೆ ಹಾಕಿದರೆ ಸೊಸೆ ಅನ್ನ ಹಾಕುವುದಿಲ್ಲ ಅಂತಾರೆ ಜನ ಎಂದು ನಾನು ರೇಗಿದೆ. ಆ ಕತ್ತಲನ್ನು ತೆಗೆದುಕೊಡುತ್ತೇನೆ, ಗಾಜು ಕೊಡಿ ಅಂದೆ. ಅವರು ಕೊಡಲಿಲ್ಲ.

"ಆ ಕತ್ತಲದಾಗನ ಅಪ್ಪ ಇದ್ದಾನ. ಅದನ್ನ ಮುಟ್ಟಬ್ಯಾಡ," ಎಂದರು.

ನನಗೆ ಆ ಮಾತು ತಲೆಗೆ ಹತ್ತಲಿಲ್ಲ. ಕೆಲಸ ಕೆಟ್ಟರೆ ಗಂಡಸರು ಹೀಗೆ ದೊಡ್ಡ ಮಾತು ಆಡುತ್ತಾರೆ ಅಂದುಕೊಂಡೆ. ಅವರು ಆ ಪಟವನ್ನು ಪೆಟ್ಟಿಗೆಯಲ್ಲಿಟ್ಟರು.

ಕಮಲಾಪುರದ ಮನೆಯವರು ಕರೆಸಿದ್ದು ಆ ವರ್ಷದ ಚಳಿಗಾಲದಲ್ಲಿ. ಅಡತಿ ವ್ಯಾಪಾರದ ಲಿಂಗಾಯತರ ಮನೆತನ, ಊರ ಹೊರಗೆ ಬಾಳೆಯ ತೋಟ. ಸಾವುಕಾರರಿಗೆ ತಮ್ಮದೂ ತಮ್ಮ ಹೆಂಡತಿಯದೂ ಒಂದು ಜೋಡಿ ಪಟ ಬೇಕಾಗಿತ್ತು. ಹೆಣ್ಣುಮಕ್ಕಳು ಪಟಕ್ಕೆ ಕೂರುವ ಕಡೆಗೆಲ್ಲ ನಾನೂ ಹೋಗಲೇಬೇಕಿತ್ತು. ಸೆರಗು ಸರಿ ಮಾಡುವುದು, ಗದ್ದ ಹಿಡಿದು ಒಂದಿಷ್ಟು ಎತ್ತುವುದು ಪರ ಗಂಡಸಿನ ಕೆಲಸವಲ್ಲವಲ್ಲ. ಆಗ ನಾನು ಆರು ತಿಂಗಳ ಬಸುರಿ. ಎತ್ತಿನ ಗಾಡಿಯಲ್ಲಿ ಅಷ್ಟು ದೂರ ಬೇಡವೆಂದು ಅತ್ತೆ ಹೇಳಿದರು. ನಾನೇ ಹಟ ಮಾಡಿ ಹೊರಟೆ. ಗಾಡಿಯಲ್ಲಿ ದಪ್ಪಗೆ ಹುಲ್ಲು ಹಾಸಿ, ಕ್ಯಾಮೆರಾದ ಪೆಟ್ಟಿಗೆಗೂ ನನಗೂ ಒಂದೊಂದು ದಿಂಬು ಕೊಟ್ಟರು. ಪೆಟ್ಟಿಗೆಯ ದಿಂಬೇ ಮೆತ್ತಗಿತ್ತು ಎಂದು ನಾನು ಇವತ್ತಿಗೂ ಹೇಳುತ್ತೇನೆ.

ಸಂಜೆಗೆ ಮುಟ್ಟಿದೆವು. ಮರುದಿನ ಬೆಳಿಗ್ಗೆ ಒಳಗಿನ ಅಂಗಳದಲ್ಲಿ ಪಟ ತೆಗೆಯುವುದೆಂದಾಯಿತು. ಅಂಗಳಕ್ಕೆ ಶಹಾಬಾದದ ಪರಸಿ ಕಲ್ಲು ಹಾಸಿದ್ದರು, ತೊಳೆದರೆ ಬೂದು ಬಿಳುಪಾಗಿ ಮುಖ ಕಾಣುವಷ್ಟು ನುಣುಪು. ಗೋಡೆಗೆ ಎರಡು ಕುರ್ಚಿ ಹಾಕಿಸಿದೆವು.

ಆ ಮನೆಯಲ್ಲಿ ಒಬ್ಬಳೇ ಮಗಳು. ಬೇಸಿಗೆಗೆ ಅವಳ ಮದುವೆ ಗೊತ್ತಾಗಿತ್ತು. ಸಾವುಕಾರರು ಮಗಳೂ ಜೊತೆಗೆ ನಿಲ್ಲಲಿ ಎಂದರು. ಹೆಂಡತಿ ಬಿಲ್‌ಕುಲ್ ಒಪ್ಪಲಿಲ್ಲ. ಪಟ ತೆಗೆಸಿಕೊಂಡರೆ ಆಯುಷ್ಯ ಕಡಿಮೆ ಎಂಬ ನಂಬಿಕೆ ಆಗ ಊರೂರಲ್ಲೂ ಇತ್ತು. ಅದರಲ್ಲೂ ಮದುವೆ ಗೊತ್ತಾದ ಹುಡುಗಿ ತಾಳಿ ಕಟ್ಟಿಸಿಕೊಳ್ಳುವ ತನಕ ಕ್ಯಾಮೆರಾದ ಕಣ್ಣಿಗೆ ಬೀಳಲೇಬಾರದು. ನಮ್ಮದು ವಯಸ್ಸಾದ ಜೀವ, ಹೋದರೆ ಹೋದೀತು, ಅವಳು ಬದುಕಿ ಬಾಳಬೇಕು ಎಂದರು ಆ ತಾಯಿ. ಪಟದ ಅಂಗಡಿಯವರ ಎದುರಿಗೇ ಹೀಗೆ ಹೇಳಿದರಲ್ಲ ಎಂದು ನನಗೆ ಒಳಗೆ ಉರಿಯಿತು. ಆದರೆ ನಮ್ಮ ಮನೆಯವರು ಕಣ್ಣಲ್ಲೇ ಬೇಡ ಎಂದರು, ನಾನು ಕುರ್ಚಿ ಸರಿ ಮಾಡಲು ಹೋದೆ.

ಹುಡುಗಿಗೆ ಅದರ ಬೇಸರವೇನೂ ಇದ್ದಂತಿರಲಿಲ್ಲ. ನನಗೆ ತಟ್ಟೆಯ ತುಂಬ ಕಮಲಾಪುರದ ಕೆಂಪು ಬಾಳೆಹಣ್ಣು ತಂದಿಟ್ಟು, ನಾನು ಮೂರು ಮುಗಿಸುವ ತನಕ ಎದುರು ಕೂತು ಮಾತಾಡಿದಳು. ಅವಳಿಗೆ ಬೇಕಾಗಿದ್ದದ್ದು ಒಂದೇ ಸುದ್ದಿ. ಆ ಡಬ್ಬಿಯ ಗಾಜಿನಲ್ಲಿ ಮನುಷ್ಯರು ತಲೆಕೆಳಗಾಗಿ ಕಾಣುತ್ತಾರಂತೆ, ಖರೆಯೇ ಎಂದು. ಖರೆ ಅಂದೆ. ಅವರಪ್ಪ ತಲೆಕೆಳಗಾದರೆ ರುಮಾಲು ಬೀಳುವುದಿಲ್ಲವೇ ಎಂದು ಬಾಯಿಗೆ ಸೆರಗು ಹಿಡಿದು ನಕ್ಕಳು.

ಬಿಸಿಲು ಪೂರ್ವದಿಂದ ಓರೆಯಾಗಿ ಬಂದು ಕುರ್ಚಿಗಳ ಮೇಲೆ ನೇರ ಬೀಳುತ್ತಿತ್ತು. ಅಂಥ ಬಿಸಿಲಿನಲ್ಲಿ ಮುಖ ಅರ್ಧ ಸುಣ್ಣ ಅರ್ಧ ಇದ್ದಿಲು ಆಗುತ್ತದೆ. ಅದಕ್ಕೆ ನಾವು ಒಂದು ಉಪಾಯ ಮಾಡುತ್ತಿದ್ದೆವು. ತೆಳ್ಳನೆಯ ಬಿಳಿ ಧೋತರವನ್ನು ಇಬ್ಬರು ಎರಡು ತುದಿಗೆ ಕೈ ಎತ್ತಿ ಹಿಡಿದು, ಬಿಸಿಲಿಗೂ ಕೂತವರಿಗೂ ನಡುವೆ ಪರದೆಯ ಹಾಗೆ ನಿಲ್ಲಿಸುವುದು. ಬಟ್ಟೆಯಲ್ಲಿ ಸೋಸಿ ಬಂದ ಬೆಳಕು ಮುಖಕ್ಕೆ ಮೆತ್ತಗೆ ಬೀಳುತ್ತಿತ್ತು. ಬಟ್ಟೆ ಮಾತ್ರ ಬಿಗಿಯಾಗಿರಬೇಕು. ಜೋತರೆ ಮುಖದ ಮೇಲೆ ಅದರ ಮಡಿಕೆಗಳೆಲ್ಲ ಬೀಳುತ್ತವೆ. ಒಂದು ತುದಿ ನಾನು ಹಿಡಿದೆ. ಇನ್ನೊಂದಕ್ಕೆ ಗಾಡಿಯವನನ್ನು ಕರೆಯೋಣವೆಂದರೆ ಒಳ ಅಂಗಳಕ್ಕೆ ಅವನು ಬರುವ ಹಾಗಿರಲಿಲ್ಲ. ಆಗ ಆ ತಾಯಿಯೇ ಕುರ್ಚಿಯಲ್ಲಿ ಕೂತಲ್ಲಿಂದ ಮಗಳಿಗೆ ಹೇಳಿದರು, ಬಸುರಿ ಹೆಣ್ಣುಮಗಳು ಬಿಸಿಲಾಗ ಒಬ್ಬಾಕಿನೇ ನಿಂತಾಳ, ಹೋಗಿ ಧೋತರದ ಒಂದು ತುದಿ ಹಿಡಿ ಎಂದು.

ಹುಡುಗಿ ಓಡಿ ಬಂದಳು. ಪರಗಂಡಸರು ಇದ್ದಾರೆಂದು ನನ್ನ ಹಾಗೆ ಅವಳೂ ತಲೆಯ ಮೇಲೆ ಸೆರಗು ಹೊದ್ದಿದ್ದಳು. ತಾನು ಪಟದಲ್ಲಿ ಬೀಳುವುದಿಲ್ಲವಷ್ಟೇ ಎಂದು ಎರಡು ಸಲ ಕೇಳಿದಳು. ಆ ಒರಳು ಕಲ್ಲಿನ ಈಚೆಗಿದ್ದರೆ ಬೀಳುವುದಿಲ್ಲ ಅಂದೆ. ಧೋತರವನ್ನು ಎಳೆದು ಹಿಡಿ ಎಂದರೆ ನಾನೇ ಮುಗ್ಗರಿಸುವಷ್ಟು ಜಗ್ಗಿದಳು.

ಮೊದಲ ಗಾಜಿಗೆ ಸರಿಯಾಗಿ ಸಾವುಕಾರರಿಗೆ ಸೀನು ಬಂತು. ಎರಡನೆಯದಕ್ಕೆ ಅವರು ಕಣ್ಣು ಮುಚ್ಚಿದರು. ಮೂರನೆಯದು ಸರಿ ಬಂತು. ಈ ನಡುವೆ ನನ್ನ ಬಲಗೈ ಸೋತು, ನಾವಿಬ್ಬರೂ ತುದಿ ಬದಲಿಸಿಕೊಂಡಿದ್ದೆವು. ಗೋಡೆಯ ಕಡೆ ಇದ್ದವಳು ಕ್ಯಾಮೆರಾದ ಕಡೆಗೆ, ಆ ಕಡೆ ಇದ್ದವಳು ಈ ಕಡೆಗೆ. ಎರಡನೆಯದಕ್ಕಿಂತ ಮುಂಚೆ ಬದಲಿಸಿದೆವೋ ಆಮೇಲೋ, ಒಂದು ಸಲವೋ ಎರಡು ಸಲವೋ, ಯಾರು ನೆನಪಿಟ್ಟುಕೊಳ್ಳುತ್ತಾರೆ? ಆಗ ಅದು ನೆನಪಿಡುವ ಮಾತೇ ಆಗಿರಲಿಲ್ಲ.

ಕಲಬುರ್ಗಿಗೆ ಬಂದು ಗಾಜು ತೊಳೆದು ನೋಡಿದಾಗ ಒಂದು ತಪ್ಪು ಕಂಡಿತು. ನಾವಿಬ್ಬರೂ ಪಟದ ಹೊರಗೇ ನಿಂತಿದ್ದೆವು, ಅದು ಸರಿ. ಆದರೆ ಎದುರುಬದುರಾಗಿ ನಿಂತು ಬಟ್ಟೆ ಜಗ್ಗುತ್ತಿದ್ದ ನಮ್ಮ ಮಗ್ಗುಲಿಗೆ ಬಿಸಿಲಿತ್ತಲ್ಲ, ಗೋಡೆಯ ಕಡೆ ನಿಂತವಳ ನೆರಳು ಪರಸಿಯ ಮೇಲೆ ಉದ್ದಕ್ಕೆ ಹರಿದು ಆ ತಾಯಿಯ ಪಾದದ ಹತ್ತಿರ ಬಂದು ಬಿದ್ದಿತ್ತು. ತಲೆಗೆ ಸೆರಗು, ಎತ್ತಿದ ಒಂದು ಕೈ. ಆ ಕೈಯಿಂದ ಧೋತರದ ಅಂಚಿನ ನೆರಳು ನೆಟ್ಟಗೆ ಗೆರೆ ಎಳೆದ ಹಾಗೆ ಹೊರಟು ಪಟದ ಕೆಳಗಿನ ತುದಿಯಲ್ಲಿ ಹೊರಗೆ ಹೋಗಿತ್ತು. ಇನ್ನೊಬ್ಬಳ ನೆರಳು ಪಟದೊಳಗೆ ಬಂದಿರಲಿಲ್ಲ.

ನಮ್ಮ ಮನೆಯವರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಇದು ಇದ್ದರೇ ಚಂದ ಎಂದರು. ನಾನು ಕೈಯಿಂದ ಕಸಿದುಕೊಂಡೆ. ಜೋಡಿ ಪಟ ತೆಗೆಸಿದವರ ಕಾಲ ಬುಡದಲ್ಲಿ ದೆವ್ವದ ಹಾಗೆ ಯಾರೋ ನಿಂತಿದ್ದರೆ ಚಂದವೇ ಎಂದು ದಬಾಯಿಸಿ ಕಿಟಕಿಯ ಬಳಿ ಕೂತೆ. ಆ ನೆರಳು ನಮ್ಮಿಬ್ಬರಲ್ಲಿ ಯಾರದೆಂದು ನೋಡುವ ಗೋಜಿಗೂ ಹೋಗಲಿಲ್ಲ. ಎರಡು ದಿನ ಹಿಡಿಯಿತು. ಪೆನ್ಸಿಲಿನ ಪುಡಿಯನ್ನು ಸುತ್ತಿದ ಕಾಗದದ ತುದಿಯಿಂದ ತೀಡಿ ನೆರಳು ತುಂಬಿದೆ, ಪರಸಿಯ ಸಂದುಗಳನ್ನು ಹೊಸದಾಗಿ ಎಳೆದೆ, ಧೋತರದ ಅಂಚನ್ನೂ ಅಳಿಸಿದೆ. ಕಾಗದಕ್ಕೆ ಇಳಿಸಿದಾಗ ಅಂಗಳ ಆಗಷ್ಟೇ ತೊಳೆದ ಹಾಗೆ ಖಾಲಿ ಇತ್ತು. ಅಷ್ಟು ಅಚ್ಚುಕಟ್ಟಾದ ಕೆಲಸ ನಾನು ಅಲ್ಲಿಯ ತನಕ ಮಾಡಿರಲಿಲ್ಲ. ಕಮಲಾಪುರದ ಕಡೆ ಹೋಗುವ ಗಾಡಿಯಲ್ಲಿ ಚೌಕಟ್ಟು ಹಾಕಿದ ಪಟ ಕಳಿಸಿಕೊಟ್ಟೆವು. ಬಹಳ ಮೆಚ್ಚಿದರೆಂದು ಸುದ್ದಿ ಬಂತು.

ಹೆರಿಗೆಗೆ ತವರಿಗೆ ಹೋದೆ, ಮಗಳು ಹುಟ್ಟಿದಳು. ಆ ಮಳೆಗಾಲ ಹಳ್ಳಿ ಹಳ್ಳಿಗೂ ಜ್ವರ ಬಂತು. ಒಂದೊಂದು ಮನೆಯಲ್ಲಿ ನೀರು ಕೊಡುವವರೂ ಎದ್ದಿರಲಿಲ್ಲ. ಮಗುವನ್ನು ಎದೆಗೆ ಅವಚಿಕೊಂಡು ನಾನು ಹೊಸ್ತಿಲು ದಾಟದೆ ಕೂತಿದ್ದೆ. ಜ್ವರ ಇಳಿದು, ನಾನು ಕಲಬುರ್ಗಿಗೆ ಮರಳಿ, ಮತ್ತೆ ಪೆನ್ಸಿಲ್ ಹಿಡಿದ ಕೆಲವೇ ದಿನಕ್ಕೆ ಕಮಲಾಪುರದ ಆ ತಾಯಿ ನಮ್ಮ ಮೆಟ್ಟಿಲು ಹತ್ತಿ ಬಂದರು. ಅವರ ತಮ್ಮ ಕೆಳಗೆ ಟಾಂಗಾದಲ್ಲಿ ಕಾಯುತ್ತಿದ್ದ. ಇವರ ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಆ ಪಟ ಇತ್ತು. ಅರ್ಧ ಮೈ ಇಳಿದುಹೋಗಿದ್ದರು. ನಾನು ಏನೂ ಕೇಳಬೇಕಾಗಲಿಲ್ಲ. ಮದುವೆಯ ಮುಹೂರ್ತವನ್ನು ಬೀಗರ ಮನೆಯ ಒಂದು ಸಾವಿನಿಂದ ಮುಂದೆ ಹಾಕಿದ್ದರಂತೆ. ಅಷ್ಟರಲ್ಲಿ ಜ್ವರ ಬಂದು, ನಾಲ್ಕೇ ದಿನದಲ್ಲಿ ಹುಡುಗಿ ಹೋಗಿಬಿಟ್ಟಳು.

ಕಂಬಳಿಯ ಮೇಲೆ ಕೂತು ಅವರು ಪಟ ಬಿಚ್ಚಿ, ತಮ್ಮ ಕಾಲಿನ ಜಾಗಕ್ಕೆ ಬೆರಳಿಟ್ಟರು.

"ತಂಗಿ, ಆ ದಿನ ನನ್ನ ಕಾಲ ಬಲ್ಲಿ ಒಂದು ನೆಳ್ಳ ಬಿದ್ದಿತ್ತು. ಕಣ್ಣ ಕೊನಿಗೆ ಕಂಡದ. ಅಳ್ಳಾಡಬ್ಯಾಡ ಅಂದಿದ್ರಿ, ಅದಕ್ಕ ಹೊಳ್ಳಿ ನೋಡಲಿಲ್ಲ. ಅದು ನನ್ನ ಮಗಳದು. ಇದರಾಗ ಯಾಕಿಲ್ಲ?"

ನಾನು ಉತ್ತರ ಕೊಡುವ ಮೊದಲೇ ಅವರೇ ಮುಂದುವರಿಸಿದರು.

"ಪಟ ಬಂದಾಗ ನೆಳ್ಳ ಬಿದ್ದಿಲ್ಲಂತ ದೇವರಿಗೆ ಕೈ ಮುಗದೀನಿ. ಈಗ ಅದನ್ನ ಬೇಡಾಕತ್ತೀನಿ."

ಆ ಮನೆಯಲ್ಲಿ ಆ ಹುಡುಗಿಯ ಒಂದು ಗೀಟೂ ಇರಲಿಲ್ಲ. ತಾಯಿಯೇ ಬೇಡವೆಂದು ಹೊರಗಿಟ್ಟಿದ್ದರು, ಉಳಿದ ಒಂದಿಷ್ಟು ನೆರಳನ್ನು ನಾನು ಎರಡು ದಿನ ಕೂತು ತೀಡಿ ಅಳಿಸಿದ್ದೆ. ಪೆನ್ಸಿಲಿನ ಕೆಲಸವನ್ನು ಟರ್ಪೆಂಟೈನಿನಿಂದ ಒರೆಸಿದರೆ ಕೆಳಗಿನದು ಇದ್ದ ಹಾಗೇ ಸಿಗುತ್ತದೆ. ಆದರೆ ಗಾಜು ಇರಬೇಕಲ್ಲ? ಕೆಲಸ ಮುಗಿದ ಗಾಜುಗಳನ್ನು ನಾವು ಸೋಡಾ ಹಾಕಿದ ಬಿಸಿ ನೀರಿನಲ್ಲಿ ತಿಕ್ಕಿ ತೊಳೆದು ಬಿಡುತ್ತಿದ್ದೆವು. ಗಾಜೂ ಪಟವೂ ಒಂದೇ ಅಳತೆ, ಹಾಗಾಗಿ ಬಹಳ ಸಲ ಪಟದ ಚೌಕಟ್ಟಿಗೆ ಅದೇ ಪಟದ ಗಾಜನ್ನು ಹಾಕಿ ಕೊಡುವುದೇ ನಮ್ಮ ರೂಢಿ. ಅವರ ತೊಡೆಯ ಮೇಲೆ ಬಿಸಿಲಿಗೆ ಹೊಳೆಯುತ್ತಿದ್ದ ಗಾಜೇ ಅದಾಗಿದ್ದರೆ? ನಾಳೆ ಬನ್ನಿ ಎಂದು ಹೇಗೋ ಹೇಳಿದೆ. ಊರಲ್ಲಿ ಅವರ ನೆಂಟರ ಮನೆ ಇತ್ತು, ಅಲ್ಲಿಗೆ ಹೋದರು.

ಮಗುವನ್ನು ಅತ್ತೆಯ ಕೈಗೆ ಕೊಟ್ಟು ಗಾಜಿನ ಪೆಟ್ಟಿಗೆಗಳನ್ನೆಲ್ಲ ಬಿಚ್ಚಿದೆ. ಕೊನೆಯ ಪೆಟ್ಟಿಗೆಯಲ್ಲಿ ಸಿಕ್ಕಿತು. ಮೇಲಿನ ಒಂದು ಮೂಲೆ ಒಡೆದಿತ್ತು. ಒಡೆದ ಗಾಜು ಚೌಕಟ್ಟಿಗೆ ಬಾರದು, ಅದಕ್ಕೇ ಉಳಿದುಕೊಂಡಿತ್ತು. ಅವರ ಚೌಕಟ್ಟಿಗೆ ಸೀನಿದ ಗಾಜೋ ಕಣ್ಣು ಮುಚ್ಚಿದ ಗಾಜೋ ತೊಳೆದು ಹೋಗಿರಬೇಕು. ನನಗೆ ಅಳುವೇ ಬಂತು.

ಅರಿವೆಯ ಚೂರನ್ನು ಟರ್ಪೆಂಟೈನಿನಲ್ಲಿ ಅದ್ದಿ ಮೆಲ್ಲಗೆ ಒರೆಸಿದೆ. ನಾನು ಎಳೆದ ಪರಸಿಯ ಸಂದು ಹೋಯಿತು, ಪುಡಿ ಹೋಯಿತು. ಧೋತರದ ಅಂಚಿನ ಗೆರೆಯೂ ಮತ್ತೆ ಕಂಡಿತು. ಅದರ ಕಡೆ ನಾನು ಗಮನ ಕೊಡಲಿಲ್ಲ. ಒಂದು ಕಾಗದಕ್ಕೆ ಇಳಿಸಿ, ಇನ್ನೂ ಒದ್ದೆಯಿದ್ದ ಪಟವನ್ನು ಕಿಟಕಿಗೆ ಹಿಡಿದು ನೆರಳನ್ನು ನೋಡಿದೆ.

ಅದು ನಾನು. ನೋಡಿದ ಕೂಡಲೇ ಗೊತ್ತಾಯಿತು. ಸೆರಗು ಯಾರದಾದರೂ ಇದ್ದೀತು, ಕೈ ಯಾರದಾದರೂ ಇದ್ದೀತು. ಆದರೆ ನೆರಳಿನ ನಡುವಿನಲ್ಲಿ ಆರು ತಿಂಗಳ ಹೊಟ್ಟೆ ಗುಂಡಗೆ ಮುಂದೆ ಬಂದಿತ್ತು.

ನಮ್ಮ ಮನೆಯವರೂ ನೋಡಿದರು. ಏನು ಮಾಡಲಿ ಎಂದು ಕೇಳಿದೆ. ಆ ತಾಯಿಗೆ ಹೇಳುವುದು ಹೇಗೆ ಎಂದು ನಾನೇ ಮತ್ತೆ ಕೇಳಿಕೊಂಡೆ. ಆ ಹೆಂಗಸು ಎರಡು ಹೊತ್ತಿನ ದಾರಿ ಬಂದಿರುವುದು ಒಂದು ನೆರಳಿಗಾಗಿ. ಅದು ನನ್ನದು, ಬದುಕಿ ಮಗುವಿಗೆ ಹಾಲು ಕುಡಿಸುತ್ತ ಕೂತಿರುವ ನನ್ನದು ಎಂದು ಯಾವ ಬಾಯಲ್ಲಿ ಹೇಳಲಿ? ಹೊಟ್ಟೆಯ ಜಾಗಕ್ಕೆ ಮಾತ್ರ ಮತ್ತೆ ಪೆನ್ಸಿಲ್ ಹಚ್ಚಿದರೆ ಸಾಕು, ಅದು ಹುಡುಗಿಯದಾಗುತ್ತದೆ ಅಂದೆ. ಅವರು, ನಾವು ದಿನಾ ಮಾಡುವುದು ಇದೇ ಅಲ್ಲವೇ ಎಂದು ಕೆಳಗಿಳಿದು ಹೋದರು. ಒಪ್ಪಿಗೆಯೋ ಚುಚ್ಚುಮಾತೋ ತಿಳಿಯಲಿಲ್ಲ. ತಿಳಿಯುವುದು ನನಗೆ ಬೇಕೂ ಇರಲಿಲ್ಲ.

ಒಂದು ಗಂಟೆಯ ಕೆಲಸ. ಎಣ್ಣೆ ಸವರಿ, ಒಣಗಿಸಿ, ನನ್ನ ಹೊಟ್ಟೆಯನ್ನು ಅಳಿಸಿದೆ. ಸೊಂಟ ಸಣ್ಣಗಾಯಿತು. ಹುಡುಗಿ ಹೇಗೆ ನಿಂತಿದ್ದಳೆಂದು ನೆನಪು ಮಾಡಿಕೊಂಡು ಬೆನ್ನನ್ನು ಒಂದಿಷ್ಟು ನೆಟ್ಟಗೆ ಮಾಡಿದೆ. ಕರುಣೆಯಿಂದ ಮಾಡಿದೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಉಳಿದರ್ಧ ನನ್ನ ಕೈಯ ಸೊಕ್ಕು. ಇದನ್ನು ಯಾರಾದರೂ ಗುರುತು ಹಿಡಿದಾರೇ ಎಂಬ ಧೈರ್ಯ ಇತ್ತು.

ಮರುದಿನ ಬೆಳಿಗ್ಗೆ ಅವರು ಬಂದರು. ಅದೇ ಕಂಬಳಿ, ಅದೇ ಜಾಗ. ಮಗು ಎದ್ದು ಕೈಕಾಲು ಬಡಿಯುತ್ತಿತ್ತು, ಅದನ್ನು ತೊಡೆಯ ಮೇಲೆ ಹಾಕಿಕೊಂಡು ನಾನು ಎದುರು ಕೂತೆ. ಪಟವನ್ನು ಕೈಗೆ ಕೊಟ್ಟೆ. ಕಣ್ಣಿಗೆ ಒತ್ತಿಕೊಳ್ಳುತ್ತಾರೆ, ಅಳುತ್ತಾರೆ, ಆಮೇಲೆ ಹಗುರಾಗಿ ಹೋಗುತ್ತಾರೆ ಎಂದು ನಾನು ಲೆಕ್ಕ ಹಾಕಿದ್ದೆ. ಅವರು ಅಳಲಿಲ್ಲ. ಪಟವನ್ನು ಕಂಬಳಿಯ ಮೇಲಿಟ್ಟು, ಬಗ್ಗಿ, ಅಕ್ಕಿ ಆರಿಸುವವರ ಹಾಗೆ ಒಂದೊಂದೇ ಜಾಗ ನೋಡುತ್ತ ಹೋದರು. ಬಹಳ ಹೊತ್ತಾಯಿತು. ತಲೆ ಎತ್ತಿ ಮೊದಲು ನನ್ನ ಮಗುವನ್ನು ನೋಡಿದರು, ಆಮೇಲೆ ನನ್ನನ್ನು.

"ನಿನ್ನ ಹೊಟ್ಟಿ ಎಲ್ಲಿ ಹೋತು ತಂಗಿ?"

ಅವರು ಕೂಗಾಡಲಿಲ್ಲ, ಮೆಲ್ಲಗೇ ಹೇಳಿದರು. ಹೆತ್ತ ಮಗಳು ನಿಲ್ಲುವ ರೀತಿ ತಮಗೆ ಗೊತ್ತಿಲ್ಲವೇ, ಅವಳು ಒಂದು ಕಾಲಿಗೆ ಭಾರ ಬಿಟ್ಟು ಓರೆಯಾಗಿ ನಿಲ್ಲುತ್ತಿದ್ದಳು, ಎಷ್ಟು ಬೈದರೂ ಬಿಟ್ಟಿರಲಿಲ್ಲ ಎಂದರು. ಇದು ಎರಡೂ ಕಾಲೂರಿ ನಿಂತ ನೆರಳು, ಹೊಟ್ಟೆಯಲ್ಲಿ ಜೀವ ಹೊತ್ತವರು ನಿಲ್ಲುವ ಹಾಗೆ. ಆ ಹೊಟ್ಟೆಯನ್ನು ನೋಡಿಯೇ ತಾವು ಮಗಳನ್ನು ಕಳಿಸಿದ್ದು ಎಂದರು.

ಆಗ ನಾನು ಎಲ್ಲವನ್ನೂ ಹೇಳಿದೆ. ಮೊದಲು ಪೂರಾ ನೆರಳನ್ನು ಅಳಿಸಿದ್ದು, ಈಗ ಒರೆಸಿದ್ದು, ನನ್ನದೇ ಎಂದು ಕಂಡದ್ದು, ಮತ್ತೆ ಪೆನ್ಸಿಲ್ ಹಿಡಿದದ್ದು. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ. ನಾಚಿಕೆಗೆ ಅತ್ತೆನೋ, ಆ ಹುಡುಗಿಗಾಗಿ ಅತ್ತೆನೋ, ಎರಡೂ ಇರಬೇಕು. ಸತ್ತವಳ ಹೆಸರಿನಲ್ಲಿ ನನ್ನನ್ನೇ ತಿದ್ದಿ ಕೊಟ್ಟೆನಲ್ಲ ಎಂದು ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಹರಿದು ಹಾಕುತ್ತೇನೆ ಎಂದು ಪಟಕ್ಕೆ ಕೈ ಚಾಚಿದೆ. ಅವರು ನನ್ನ ಮಣಿಕಟ್ಟು ಹಿಡಿದರು.

"ಹರೀಬ್ಯಾಡ. ನಿನ್ನ ಹೊಟ್ಟಿ ಇದ್ದಂಗ ಹಾಕಿ ಇನ್ನೊಂದು ತಗದು ಕೊಡು," ಎಂದರು. "ಅದು ನಿನ್ನ ನೆಳ್ಳನ ಇರಲಿ."

ಅದನ್ನಿಟ್ಟುಕೊಂಡು ಏನು ಮಾಡುತ್ತೀರಿ ಅವ್ವಾರೆ, ಅದರಲ್ಲಿ ನಿಮ್ಮ ಮಗಳು ಇಲ್ಲವಲ್ಲ ಎಂದೆ. ನನಗೆ ನಿಜವಾಗಿಯೂ ತಿಳಿದಿರಲಿಲ್ಲ. ಎರಡು ದಿನ ಕೂತು ಅಳಿಸಿದ್ದೆ, ಅರ್ಧ ದಿನ ಕೂತು ಒರೆಸಿದ್ದೆ, ಆ ಗಾಜಿನ ಒಂದೊಂದು ಚುಕ್ಕೆಯೂ ನನಗೆ ಗೊತ್ತಿದೆ ಅಂದುಕೊಂಡಿದ್ದೆ.

ಅವರು ನೆರಳಿನ ಎತ್ತಿದ ಕೈಯ ಮೇಲೆ ಬೆರಳಿಟ್ಟರು. ನನ್ನ ಕೈ ಅದು. ಅಲ್ಲಿಂದ ಧೋತರದ ಅಂಚಿನ ಗೆರೆಯನ್ನು ಹಿಡಿದು ಮೆಲ್ಲಗೆ ಕೆಳಗೆ ಬಂದರು. ಎಲ್ಲೂ ಸೊಟ್ಟಗಾಗದ, ಎಲ್ಲೂ ಜೋಲದ ಗೆರೆ.

"ಬಟ್ಟಿ ಬಿಗಿ ಅದ ನೋಡು. ಆ ಕಡಿ ಯಾರರೆ ಹಿಡದಿರಬೇಕಲಾ."

ಬೆರಳು ಪಟದ ತುದಿಗೆ ಬಂತು. ಅಲ್ಲಿ ನಿಲ್ಲಲಿಲ್ಲ. ಕಾಗದ ದಾಟಿ ಕಂಬಳಿಯ ಮೇಲೆ ಇಳಿಯಿತು, ಕಂಬಳಿ ದಾಟಿ ಬರೀ ನೆಲಕ್ಕೆ ಬಂತು, ಅದೇ ನೇರದಲ್ಲಿ ಇನ್ನೂ ಒಂದು ಗೇಣು ಹೋಗಿ ನಿಂತಿತು.

"ಇಲ್ಲಿ ನಿಂತಾಳ," ಎಂದರು.

ಮೂರು ದಿನದಲ್ಲಿ ಇನ್ನೊಂದು ಪಟ ತೆಗೆದು ಕೊಡುತ್ತೇನೆಂದು ಮಾತು ಕೊಟ್ಟು, ಟಾಂಗಾದ ತನಕ ಹೋಗಿ ಅವರನ್ನು ಕೂರಿಸಿ ಬಂದೆ. ಸಂಜೆ ಕಂಬಳಿ ಮಡಚಿಟ್ಟು ಕೋಣೆ ಗುಡಿಸುವಾಗ, ಅವರ ಬೆರಳು ನಿಂತ ಆ ಜಾಗವನ್ನು ಬಿಟ್ಟು ಸುತ್ತ ಗುಡಿಸಿದೆ.